ಚಾಕು ಮುಟ್ಟದ ಕುಗೆಲ್

ಕ್ಲೀವ್‌ಲ್ಯಾಂಡ್
ಭಾನುವಾರ, ೨ ನವೆಂಬರ್ ೧೯೭೫

ಪ್ರೀತಿಯ ಅಮ್ಮ,

ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಂಚದ ಮೇಲೆ ಬಿದ್ದಿದ್ದರೂ ನೀನು ಅಲ್ಲಿಂದಲೇ ರಾಜ್ಯಭಾರ ನಡೆಸುತ್ತೀಯ. ಅಪ್ಪನ ಕಣ್ಣಿನ ಪೊರೆ ತೆಗೆಸುವುದಕ್ಕೆ ನಾನಿರುವ ಈ ಊರಿನ ಆಸ್ಪತ್ರೆ. ಆಮೇಲೆ ಡಾಕ್ಟರು ಹೇಳಿದ ಹಾಗೆ ಎರಡು ವಾರ ಮೈ ಕುಲುಕದ ಹಾಗೆ ಮಲಗುವುದಕ್ಕೆ ನನ್ನ ಮನೆ. ಎಲ್ಲವನ್ನೂ ತೀರ್ಮಾನಿಸಿ ಮುಗಿಸಿ, ಕೊನೆಯ ಸಾಲಿನಲ್ಲಿ 'ನಿನಗೆ ಅಡ್ಡಿಯಿಲ್ಲ ತಾನೇ' ಎಂದು ಕೇಳಿದ್ದೀಯ.

ನನಗೆ ಅಡ್ಡಿಯಿಲ್ಲ. ಅಪ್ಪನಿಗೆ?

ಎರಡು ವರ್ಷದ ಹಿಂದೆ, ಕಾಲೇಜು ಬಿಟ್ಟು ಈ ಸಹಕಾರಿ ಅಂಗಡಿ ಸೇರುತ್ತೇನೆ ಎಂದಾಗ ಅವರು ಹೇಳಿದ ಮಾತು ನಿನಗೂ ನೆನಪಿದೆ. "ದೇವರು ಕೆಲಸ ಬೇಡ ಅಂದ ಶನಿವಾರ, ಸಬ್ಬತ್ತಿನ ದಿನ, ಗಲ್ಲಾ ಮುಟ್ಟೋ ಕೈಯಿಂದ ನನಗೆ ನೀರೂ ಬೇಡ." ಅಂದಿನಿಂದ ಅವರ ಒಂದು ಸಾಲು ಬಂದಿಲ್ಲ. ನಿನ್ನ ಕಾಗದಗಳ ಕೊನೆಯಲ್ಲಿ 'ನಿಮ್ಮಪ್ಪ ಚೆನ್ನಾಗಿದ್ದಾರೆ' ಎಂದು ಇರುತ್ತದೆ. ನನ್ನನ್ನು ಕೇಳಿದರು ಎಂದು ಒಂದು ಸಲವೂ ಇರುವುದಿಲ್ಲ. ನೀನು ಸುಳ್ಳು ಬರೆಯುವುದಿಲ್ಲವಲ್ಲ, ಅದಕ್ಕೇ.

ಬರಲಿ. ನನ್ನ ಕೋಣೆ ಬಿಟ್ಟುಕೊಡುತ್ತೇನೆ, ನಾನು ಹಜಾರದಲ್ಲಿ ಮಲಗುತ್ತೇನೆ. ನಾವು ಐದು ಜನ ಇರುವ ಮನೆ, ಒಂದೇ ಅಡುಗೆಮನೆ, ಯಾವ ಕಪಾಟಿಗೂ ಬೀಗವಿಲ್ಲ. ಆಸ್ತಿ ಎಂಬ ರೋಗ ಬೀಗದಿಂದ ಶುರುವಾಗುತ್ತದೆ ಎಂದು ನಾವು ನಂಬಿದ್ದೇವೆ. ಅಪ್ಪ ಮೂವತ್ತು ವರ್ಷ ಬಟ್ಟೆ ಕಾರ್ಖಾನೆಯಲ್ಲಿ ಕತ್ತರಿ ಹಿಡಿದವರು, ಯೂನಿಯನ್ನಿನವರು. ಇಲ್ಲಿಯವರೆಲ್ಲ ಅವರನ್ನು ನೋಡಲು ಕಾದಿದ್ದಾರೆ. ನಿಜವಾದ ಕಾರ್ಮಿಕ ನಮ್ಮ ಮನೆಗೆ ಇದುವರೆಗೆ ಬಂದೇ ಇಲ್ಲ, ಕೊಳಾಯಿ ರಿಪೇರಿಯವನನ್ನು ಬಿಟ್ಟರೆ.

ಈ ತಿಂಗಳು ನಾನೇ ಬರೆದ ಕರಪತ್ರವನ್ನು ಜೊತೆಯಲ್ಲಿ ಇಟ್ಟಿದ್ದೇನೆ: 'ಡಬ್ಬಿಯ ಗುಲಾಮರು'. ಕಂಪನಿಗಳು ಮೊದಲು ರೈತನ ಕೈಯಿಂದ ಆಲೂಗಡ್ಡೆ ಕಿತ್ತುಕೊಂಡವು, ಆಮೇಲೆ ತಾಯಂದಿರ ಕೈಯಿಂದ ತುರಿಮಣೆ ಕಿತ್ತುಕೊಂಡವು. ಓದಿ ಹೇಳು.

ಆಪರೇಷನ್ನಿನ ಹಿಂದಿನ ದಿನ ಅಪ್ಪನಿಗೆ ಆಲೂಗಡ್ಡೆ ಕುಗೆಲ್, ನೀನು ಪ್ರತಿ ಶುಕ್ರವಾರ ಓವನ್ನಿನಲ್ಲಿ ಬೇಯಿಸುವ ಆ ಕಡುಬು, ಮಾಡಿಕೊಂಡು ಹೋಗುತ್ತೇನೆ. ಸಣ್ಣ ರೈತರ ಸಂಘದ ಆಲೂಗಡ್ಡೆ, ಕೈಯಲ್ಲೇ ತುರಿದದ್ದು. ಹೊಸ ಗಾಜಿನ ತಟ್ಟೆ, ಹೊಸ ತುರಿಮಣೆ ಕೊಂಡಿದ್ದೇನೆ. ನೋಡಿದೆಯಾ, ನಮ್ಮ ಯೆಹೂದಿ ಅಡುಗೆಮನೆಯ ನಿಯಮ ನಾನೇನೂ ಮರೆತಿಲ್ಲ: ಸಲ್ಲದ ಮಾಂಸ ಮುಟ್ಟಿದ ಪಾತ್ರೆಯಲ್ಲಿ ಮಾಡಿದ್ದೂ ಸಲ್ಲದು.

ನಿನ್ನ
ಮಿನ್ನಾ


ಕ್ಲೀವ್‌ಲ್ಯಾಂಡ್
ಗುರುವಾರ, ೧೩ ನವೆಂಬರ್

ಅಮ್ಮ,

ಆಪರೇಷನ್ ಸರಿಯಾಗಿ ಆಯಿತು. ಫೋನಿನಲ್ಲಿ ಹೇಳಿದ್ದು ಅಷ್ಟೇ. ಫೋನಿನಲ್ಲಿ ಹೇಳದೆ ಬಿಟ್ಟದ್ದನ್ನು ಈಗ ಬರೆಯುತ್ತೇನೆ.

ಮಂಗಳವಾರ ಸಂಜೆ ಕುಗೆಲ್ ತೆಗೆದುಕೊಂಡು ಹೋದೆ. ಬಿಸಿಯಾಗಿರಲೆಂದು ಟವೆಲ್ಲಿನಲ್ಲಿ ಸುತ್ತಿ, ಬಸ್ಸಿನಲ್ಲಿ ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡಿದ್ದೆ. ಅಪ್ಪ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ತೆಳ್ಳಗಾಗಿದ್ದಾರೆ. ಈ ವಿಷಯ ನೀನು ಬರೆಯಲಿಲ್ಲ.

"ಯಾರು?" ಎಂದರು.

"ನಾನು, ಅಪ್ಪ."

"ನಾನು ಅನ್ನೋರು ತುಂಬಾ ಜನ ಇದಾರೆ."

"ಮಿನ್ನಾ."

"ಕೂತ್ಕೋ. ಬಸ್ಸಲ್ಲಿ ಬಂದ್ಯಾ?" ಎಂದರು. ಅಮ್ಮ, ಎರಡು ವರ್ಷದ ಮೇಲೆ ಅಷ್ಟು ಸಾಕಾಗಿತ್ತು ನನಗೆ. ಟವೆಲ್ ಬಿಚ್ಚಿದೆ. ಅವರಿಗೆ ಕಾಣದಿದ್ದರೂ ವಾಸನೆ ಗೊತ್ತಾಯಿತು. ಮುಖ ತಟ್ಟೆಯ ಕಡೆ ತಿರುಗಿತು. ಹೊಸ ತಟ್ಟೆ, ಹೊಸ ತುರಿಮಣೆ, ಓವನ್ನಿನಲ್ಲಿ ಮುಚ್ಚಿಟ್ಟು ಬೇಯಿಸಿದೆ ಎಂದು ಒಂದೇ ಉಸಿರಿನಲ್ಲಿ ಹೇಳಿದೆ. ಅವರು ತಲೆಯಾಡಿಸುತ್ತಾ ಕೇಳಿದರು. ಪ್ಲಾಸ್ಟಿಕ್ ಚಮಚವನ್ನು ಕೈಗೆ ತೆಗೆದುಕೊಂಡೂ ಬಿಟ್ಟರು.

ಆಮೇಲೆ ಕೇಳಿದರು: "ಈರುಳ್ಳಿ ಯಾವುದರಲ್ಲಿ ಹೆಚ್ಚಿದೆ?"

"ಮನೆ ಚಾಕುನಲ್ಲಿ. ಮೂರು ಸಲ ಸೋಪು ಹಾಕಿ ತೊಳೆದಿದ್ದೆ."

ಚಮಚವನ್ನು ಕೆಳಗಿಟ್ಟರು. ಕೋಪವಿರಲಿಲ್ಲ. ಕೋಪ ಬಂದಿದ್ದರೆ ನಾನು ಜಗಳವಾಡುತ್ತಿದ್ದೆ. "ಅಲ್ಲಿಡು. ನರ್ಸಿಗೆ ಕೊಡು, ಪಾಪ, ಬೆಳಗಿನಿಂದ ಓಡಾಡ್ತಿದಾಳೆ" ಎಂದರು. ನಾನು ಬಾಗಿಲು ದಾಟುವ ಮುಂಚೆಯೇ ನರ್ಸ್ ಎರಡನೆಯ ತುಂಡು ತಿನ್ನುತ್ತಿದ್ದಳು.

ಒಂದು ಚಾಕು! ತೊಳೆದ ಚಾಕು! ಜಗತ್ತಿನಲ್ಲಿ ಮಕ್ಕಳು ಹಸಿದು ಮಲಗುತ್ತಿರುವಾಗ ಒಂದು ಈರುಳ್ಳಿ ಯಾವ ಚಾಕುವಿನ ಕೆಳಗೆ ಹೋಯಿತು ಎಂದು ವಿಚಾರಿಸುವ ಧರ್ಮಕ್ಕೆ ನಾನು ಏನು ಹೇಳಲಿ? ಇನ್ನೊಂದು ವಾರಕ್ಕೆ ಅವರು ನನ್ನ ಮನೆಗೆ ಬರುತ್ತಾರೆ. ಎರಡು ವಾರ ಏನು ತಿನ್ನುತ್ತಾರೆ? ಗಾಳಿಯನ್ನೇ?

ಹೊಸ ಚಾಕು ಕೊಳ್ಳುತ್ತೇನೆ. ಅದಾದರೂ ಸಲ್ಲುತ್ತದೆಯೋ ಇಲ್ಲವೋ ಕೇಳಿ ಬರೆ.

ಮಿನ್ನಾ


ಸ್ಕ್ರಾಂಟನ್
ಭಾನುವಾರ, ೧೬ ನವೆಂಬರ್

ನನ್ನ ಮಿನ್ನೆಲೆ,

ಅಳಬೇಡ. ಅತ್ತಿದ್ದೀಯ ಎಂದು ನೀನು ಬರೆದಿಲ್ಲ, ಆದರೆ ನಿನ್ನ ಅಕ್ಷರ ಬಲಕ್ಕೆ ವಾಲಿದೆ.

ಆಲೂಗಡ್ಡೆ ಸಾಧು ಪ್ರಾಣಿ. ಈರುಳ್ಳಿ ಹಾಗಲ್ಲ, ಅದು ಖಾರದ್ದು. ಚಾಕು ಈ ಹಿಂದೆ ಏನೇನು ಕತ್ತರಿಸಿದೆಯೋ ಅದನ್ನೆಲ್ಲ ಈರುಳ್ಳಿ ತನ್ನೊಳಗೆ ಎಳೆದುಕೊಳ್ಳುತ್ತದೆ. ನಿಮ್ಮ ಮನೆಯ ಚಾಕು ಹಂದಿಮಾಂಸ ನೋಡಿಲ್ಲ ಎಂದು ನೀನು ಆಣೆಯಿಟ್ಟು ಹೇಳುತ್ತೀಯಾ? ಇದನ್ನು ನಿನಗೆ ಹನ್ನೊಂದನೆಯ ವಯಸ್ಸಿನಲ್ಲಿ ಹೇಳಿದ್ದೆ. ಆಗಲೂ ನೀನು ಏನೋ ಓದುತ್ತಿದ್ದೆ.

ಹೊಸ ಚಾಕು ಕೊಂಡರೆ ಅದಕ್ಕೆ ಕಾವಲು ಯಾರು? ಐದು ಜನ, ಬೀಗವಿಲ್ಲದ ಕಪಾಟು. ನೀನು ಅಂಗಡಿಗೆ ಹೋದಾಗ ಯಾರೋ ಅದರಲ್ಲೇ ಸಾಸೇಜ್ ಕತ್ತರಿಸಿ, ತೊಳೆದು, ಒಳ್ಳೆಯ ಹುಡುಗರ ಹಾಗೆ ಅದೇ ಜಾಗದಲ್ಲಿಡುತ್ತಾರೆ. ಆದ್ದರಿಂದ ಚಾಕುವೇ ಬೇಡ. ತುರಿಮಣೆಯೂ ಬೇಡ. ಹೀಗೆ ಮಾಡು.

ಸೂಪರ್ ಮಾರ್ಕೆಟ್ಟಿನ ಫ್ರೀಜರಿನಲ್ಲಿ ತುರಿದ ಆಲೂಗಡ್ಡೆಯ ದೊಡ್ಡ ಚೀಲ ಸಿಗುತ್ತದೆ. ಕರಗುವವರೆಗೆ ಹೊರಗಿಡು, ಮೂಲೆಗೆ ಒಂದು ತೂತು ಮಾಡಿ ಚೀಲವನ್ನೇ ಹಿಂಡಿ ನೀರು ತೆಗೆ. ಈರುಳ್ಳಿ ಸೂಪಿನ ಪುಡಿ, ಒಂದು ಪೊಟ್ಟಣ. ಈರುಳ್ಳಿ ಅದರಲ್ಲೇ ಒಣಗಿ ಕೂತಿರುತ್ತದೆ, ಉಪ್ಪೂ ಅದರಲ್ಲೇ ಇರುತ್ತದೆ, ಬೇರೆ ಹಾಕಬೇಡ. ಮೊಟ್ಟೆ ಐದು. ಒಂದೊಂದನ್ನೇ ಕಾಗದದ ಲೋಟಕ್ಕೆ ಒಡೆದು ನೋಡು, ರಕ್ತದ ಚುಕ್ಕೆ ಇದ್ದರೆ ಲೋಟದ ಸಮೇತ ಎಸೆ. ಹುಳಿ ಬರಿಸದ ಮಾತ್ಸಾ ರೊಟ್ಟಿಯ ಹಿಟ್ಟು ಎರಡು ಹಿಡಿ. ಎಸೆಯುವಂಥ ಅಲ್ಯೂಮಿನಿಯಂ ತಟ್ಟೆಯಲ್ಲಿ ಧಾರಾಳವಾಗಿ ಎಣ್ಣೆ ಹಾಕಿ, ಎಲ್ಲವನ್ನೂ ಅದರಲ್ಲೇ ಪ್ಲಾಸ್ಟಿಕ್ ಚಮಚದಿಂದ ಕಲಸು. ಓವನ್ ನಿಮ್ಮದು, ಅದರಲ್ಲಿ ಏನೇನು ಬೆಂದಿದೆಯೋ, ಆದ್ದರಿಂದ ತಟ್ಟೆಗೆ ಎರಡು ಸುತ್ತು ಫಾಯಿಲ್ ಬಿಗಿ. ಚೆನ್ನಾಗಿ ಕಾದ ಓವನ್ನಿನಲ್ಲಿ ಒಂದೂವರೆ ಗಂಟೆ. ಮೇಲುಗಡೆ ಕೆಂಪಾಗುವುದಿಲ್ಲ, ತಳ ಮತ್ತು ಅಂಚು ಆಗುತ್ತದೆ. ತಿಂದ ಮೇಲೆ ತಟ್ಟೆ, ಚಮಚ ಎಲ್ಲ ಕಸಕ್ಕೆ. ಕಾವಲು ಕಾಯಲು ಏನೂ ಉಳಿಯುವುದಿಲ್ಲ.

ಪ್ರತಿಯೊಂದು ಪೊಟ್ಟಣದ ಮೇಲೂ ನಮ್ಮ ಧರ್ಮಗುರುಗಳಾದ ರಬ್ಬಿಗಳ ಗುರುತು ಇರಬೇಕು, ವೃತ್ತದೊಳಗೆ ಒಂದು ಅಕ್ಷರ. ಗುರುತು ಇದ್ದರೆ ಸಲ್ಲುತ್ತದೆ. ಇಲ್ಲದಿದ್ದರೆ ಸಲ್ಲದು.

ನಿನ್ನ ಕರಪತ್ರ ಓದಿದೆ. ತಾಯಂದಿರ ಕೈಯಿಂದ ತುರಿಮಣೆ ಕಿತ್ತುಕೊಂಡರು ಎಂದು ಬರೆದಿದ್ದೀಯ. ಯಾರೂ ಕಿತ್ತುಕೊಳ್ಳಲಿಲ್ಲ, ಮಗಳೇ, ನಾನೇ ಸಂತೋಷವಾಗಿ ಕೊಟ್ಟೆ. ಪ್ರತಿ ಶುಕ್ರವಾರ ಬೆರಳಿನ ಗೆಣ್ಣು ತುರಿದುಕೊಂಡದ್ದು ನಾನು, ನೀನಲ್ಲ. ಹೋದ ವರ್ಷದಿಂದ ನಮ್ಮ ಮನೆಯಲ್ಲೂ ಚೀಲದ ಆಲೂಗಡ್ಡೆಯೇ. ನಿಮ್ಮಪ್ಪ ಮೊದಲ ಸಲ ತಿಂದು, "ಈಗ ನೋಡು ಬ್ಲೂಮಾ, ಮೂವತ್ತು ವರ್ಷದ ಮೇಲೆ ನಿನಗೆ ಕೈ ಕುದುರಿದೆ" ಎಂದರು. ನಾನು ಥ್ಯಾಂಕ್ಸ್ ಹೇಳಿದೆ. ಅವರಿಗೆ ಹೇಳಬೇಡ.

ಪ್ರೀತಿಯಿಂದ
ಅಮ್ಮ


ಕ್ಲೀವ್‌ಲ್ಯಾಂಡ್
ಭಾನುವಾರ, ೨೩ ನವೆಂಬರ್

ಅಮ್ಮ,

ಅಪ್ಪ ಗುರುವಾರದಿಂದ ಇಲ್ಲಿದ್ದಾರೆ. ಆಪರೇಷನ್ ಆದ ಕಣ್ಣಿಗೆ ಪಟ್ಟಿ. ಇನ್ನೊಂದು ಕಣ್ಣಿಗೆ ಬೆಳಕು, ನೆರಳು ಬಿಟ್ಟರೆ ಏನೂ ತಿಳಿಯದು. ನಿದ್ದೆ ಚೆನ್ನಾಗಿ ಮಾಡುತ್ತಾರೆ. ಇದು ಮೊದಲು ಹೇಳಬೇಕಾದದ್ದು, ಹೇಳಿದೆ.

ಇನ್ನು ನನ್ನ ಅವಮಾನದ ವಿಷಯ. ಪ್ರತಿ ಬುಧವಾರ ಯಾವ ಸೂಪರ್ ಮಾರ್ಕೆಟ್ಟಿನ ಬಾಗಿಲಲ್ಲಿ ನಿಂತು ನಾನು 'ಡಬ್ಬಿಯ ಗುಲಾಮರು' ಹಂಚುತ್ತೇನೋ, ಅದರ ಒಳಕ್ಕೇ ಹೋಗಿ ಫ್ರೀಜರ್ ಚೀಲ, ಸೂಪಿನ ಪುಡಿ, ಅಲ್ಯೂಮಿನಿಯಂ ತಟ್ಟೆ ಎಲ್ಲ ಹೊತ್ತುಕೊಂಡು ಬಂದೆ. ಗಲ್ಲಾದಲ್ಲಿ ಕೂತಿದ್ದ ಹೆಂಗಸಿಗೆ ನನ್ನ ಗುರುತು ಸಿಕ್ಕಿತು. "ಏನಮ್ಮಾ, ಇವತ್ತು ಗುಲಾಮಗಿರಿಗೆ ಸೇರ್ಕೊಂಡ್ಯಾ?" ಎಂದಳು. "ನಮ್ಮಪ್ಪನಿಗೆ ಹುಷಾರಿಲ್ಲ" ಎಂದೆ. "ಎಲ್ರೂ ಹಾಗೇ ಶುರು ಮಾಡೋದು" ಎಂದಳು.

ಮನೆಗೆ ಬಂದರೆ ನಮ್ಮವರ ವಿಚಾರಣೆ. ಡ್ವೈಟ್ ಎಂಬ ಹುಡುಗನ ಬಗ್ಗೆ ಬರೆದಿದ್ದೆನಲ್ಲ, ಕಾಳುಕಡ್ಡಿಯ ಮೇಲೆ ಭಾಷಣ ಮಾಡುವವನು. ಅವನು ಚೀಲವನ್ನು ಎರಡು ಬೆರಳಿನಲ್ಲಿ ಸತ್ತ ಇಲಿಯ ಹಾಗೆ ಎತ್ತಿ ಹಿಡಿದು, "ಇದು ತತ್ವದ ಪ್ರಶ್ನೆ" ಎಂದ. ಒಳಗಿನಿಂದ ಅಪ್ಪ ಕೂಗಿದರು: "ಯಾರಪ್ಪಾ ಅದು? ಕಾರ್ಮಿಕರ ವಿಷಯ ಓದಿದೀರಂತೆ, ಒಳ್ಳೇದು. ನಾನು ಕಾರ್ಮಿಕ. ಕಾರ್ಮಿಕನಿಗೆ ಈಗ ಹಸಿವು." ಡ್ವೈಟ್ ಚೀಲವನ್ನು ಮೆಲ್ಲಗೆ ಕೆಳಗಿಟ್ಟ.

ಶುಕ್ರವಾರ ಕುಗೆಲ್ ಮಾಡಿದೆ, ನೀನು ಹೇಳಿದ ಹಾಗೆ, ಒಂದಕ್ಷರ ಬಿಡದೆ. ಅಪ್ಪ ತಿಂದರು, ಎರಡು ತುಂಡು. ನೀನು ಸಂತೋಷಪಡುವ ಮುಂಚೆ ಮಿಕ್ಕಿದ್ದನ್ನೂ ಓದು.

ಆಸ್ಪತ್ರೆಯಲ್ಲಿ ಅವರನ್ನು ನೋಡಲು ಇಲ್ಲಿಯ ಸಿನಗಾಗ್ ಪ್ರಾರ್ಥನಾಮಂದಿರದಿಂದ ಪೆರ್ಲ್‌ಮುಟರ್ ಎಂಬ ಮುದುಕರು ಬರುತ್ತಿದ್ದರು. ಈಗ ದಿನಾ ಮಧ್ಯಾಹ್ನ ಇಲ್ಲಿಗೂ ಬರುತ್ತಾರೆ. ಯಾಕೆ ಗೊತ್ತೇ? ಪೊಟ್ಟಣ ಓದುವುದಕ್ಕೆ. ನಾನು ತಂದದ್ದನ್ನೆಲ್ಲ ಮೇಜಿನ ಮೇಲೆ ಸಾಲಾಗಿ ಇಡಬೇಕು. ಅವರು ಕನ್ನಡಕ ಮೂಗಿನ ತುದಿಗೆ ಜಾರಿಸಿ, ಒಂದೊಂದನ್ನೂ ತಿರುಗಿಸಿ, "ಇದಕ್ಕೆ ಗುರುತಿದೆ ಆನ್ಶೆಲ್, ಇದಕ್ಕೂ ಇದೆ" ಎಂದು ಅಪ್ಪನಿಗೆ ಹೇಳುತ್ತಾರೆ. ಆಮೇಲೆ ಅಪ್ಪ, "ಹಾಗಾದ್ರೆ ಮಾಡು" ಎನ್ನುತ್ತಾರೆ.

ಮೊದಲ ದಿನ ನಾನೇ ಓದಿ ಹೇಳಿದೆ. "ಗುರುತಿದೆ ಅಪ್ಪ, ಇಲ್ಲೇ ಇದೆ" ಎಂದೆ. "ಇರ್ಲಿ, ಪೆರ್ಲ್‌ಮುಟರ್ ಬರ್ಲಿ" ಎಂದರು. ಸಬ್ಬತ್ತು ಮುರಿಯುವವರ ಸಾಕ್ಷಿ ಇಂಥ ವಿಷಯಕ್ಕೆ ಸಲ್ಲದು ಎಂಬ ನಿಯಮ ಇದೆಯಲ್ಲ, ಅದು ನನಗೂ ಗೊತ್ತು. ಗೊತ್ತಿದ್ದರೂ, ನಾನು ಅಲ್ಲೇ ನಿಂತಿದ್ದೆ, ನನ್ನ ಕಣ್ಣು ಚೆನ್ನಾಗಿಯೇ ಇತ್ತು.

ಅವರು ತಿಂದದ್ದು ನನ್ನ ಕುಗೆಲ್ ಅಲ್ಲ ಅಮ್ಮ, ಪೆರ್ಲ್‌ಮುಟರ್ ಅವರ ಮಾತು. ಈ ಮನೆಯಿಂದ ಹೋಗುವ ಮುಂಚೆ ಒಂದೇ ಒಂದು ಸಲ ಅವರು ನನ್ನ ಮಾತಿನ ಮೇಲೆ ಒಂದು ತುತ್ತು ತಿನ್ನಲಿ ಎಂದು ಆಸೆ. ದೇವರನ್ನು ನಂಬದವಳಿಗೆ ಇಂಥ ಆಸೆ ಯಾಕೆ ಎಂದು ನೀನು ಕೇಳಬೇಡ. ನಾನೇ ಕೇಳಿಕೊಂಡಾಗಿದೆ.

ಮಿನ್ನಾ


ಕ್ಲೀವ್‌ಲ್ಯಾಂಡ್
ಭಾನುವಾರ, ೩೦ ನವೆಂಬರ್

ಅಮ್ಮ,

ನೀನು ಫೋನಿನಲ್ಲಿ "ಶುಕ್ರವಾರ ಕುಗೆಲ್ ಹೇಗಾಯ್ತು?" ಎಂದು ಕೇಳಿದೆ. ನಾನು "ಕಾಗದ ಬರೀತೀನಿ" ಎಂದೆ. ಹಜಾರದಲ್ಲಿ ಎಲ್ಲರೂ ಇದ್ದರು.

ಶುಕ್ರವಾರ ಮಧ್ಯಾಹ್ನ ಪೆರ್ಲ್‌ಮುಟರ್ ಬಂದು, ಎಲ್ಲ ಓದಿ, ಸಬ್ಬತ್ತಿಗೆ ಅಣಿಯಾಗಬೇಕೆಂದು ಬೇಗ ಮನೆಗೆ ಹೋದರು. ಈಗ ಐದಕ್ಕೆ ಮೊದಲೇ ಕತ್ತಲಾಗುತ್ತದೆ, ಕತ್ತಲಾದರೆ ಸಬ್ಬತ್ತು ಶುರು, ಆಮೇಲೆ ಅಪ್ಪನಿಗಾಗಿ ಏನೂ ಬೇಯಿಸುವ ಹಾಗಿಲ್ಲ. ನಾನು ಒಂದು ಕೊನೆಯ ಮೂಟೆ ಬೇಳೆ ಇಳಿಸಿ ಬರುತ್ತೇನೆಂದು ಅಂಗಡಿಗೆ ಓಡಿದೆ. ವಾಪಸು ಬಂದರೆ ಸೂಪಿನ ಪುಡಿಯ ಪೊಟ್ಟಣ ಇಲ್ಲ. ಡ್ವೈಟ್ ಅದನ್ನು ಹುಳಿ ಕೆನೆಗೆ ಕಲಸಿಕೊಂಡು, ಮೆಟ್ಟಿಲ ಕೆಳಗೆ ಕೂತು ಚಿಪ್ಸ್ ಅದ್ದಿಕೊಂಡು ತಿನ್ನುತ್ತಿದ್ದ. ಡಬ್ಬಿಯ ವಿರುದ್ಧ ಎರಡು ಗಂಟೆ ಭಾಷಣ ಮಾಡುವ ಡ್ವೈಟ್! "ಎಲ್ಲವೂ ಎಲ್ಲರದ್ದು ಅಲ್ವಾ ಮಿನ್ನಾ?" ಎಂದ, ಬಾಯಿ ತುಂಬಿಕೊಂಡು. ಬೀಗದ ವಿಷಯದಲ್ಲಿ ನನ್ನ ನಿಲುವನ್ನು ಮತ್ತೆ ಯೋಚಿಸಬೇಕಾಗಿದೆ.

ಮೂಲೆಯ ಅಂಗಡಿಗೆ ಓಡಿ, ಅದೇ ಬಣ್ಣದ, ಅದೇ ಕಂಪನಿಯ ಪೊಟ್ಟಣ ಹಿಡಿದುಕೊಂಡು ಬಂದೆ. ಕಲಸಿ, ಮುಚ್ಚಿ, ಓವನ್ನಿಗೆ ಇಟ್ಟೆ. ಹೊತ್ತು ಸರಿಯಾಗಿತ್ತು. ಸ್ವಲ್ಪ ಹೊತ್ತಿಗೆ ಎರಡು ಸುತ್ತು ಫಾಯಿಲ್ ದಾಟಿಕೊಂಡು ವಾಸನೆ ಹೊರಟಿತು. ಅಪ್ಪ ಕೋಣೆಯಿಂದ ಕೂಗಿದರು:

"ಮಿನ್ನೆಲೆ! ನಮ್ಮ ಮನೆ ವಾಸನೆ ಬರ್ತಿದೆ ಕಣೇ! ನಿಮ್ಮಮ್ಮನ ಕೈ ನಿನಗೂ ಬಂತು ನೋಡು."

ಮಿನ್ನೆಲೆ ಎಂದರು, ಅಮ್ಮ, ನಾನು ಚಿಕ್ಕವಳಿದ್ದಾಗ ಕರೆಯುತ್ತಿದ್ದ ಹಾಗೆ. ಅದನ್ನು ಕೇಳಿಸಿಕೊಳ್ಳುತ್ತಲೇ ನಾನು ಮೇಜು ಒರೆಸುತ್ತಿದ್ದೆ. ಖಾಲಿ ಪೊಟ್ಟಣವನ್ನು ಕಸಕ್ಕೆ ಹಾಕಲೆಂದು ಎತ್ತಿದೆ. ಸುಮ್ಮನೆ ತಿರುಗಿಸಿದೆ. ವೃತ್ತವಿಲ್ಲ. ಹಿಂದುಗಡೆ, ಇರುವೆಯ ಕಾಲಿನಷ್ಟು ಸಣ್ಣ ಅಕ್ಷರದಲ್ಲಿ, ದನದ ಕೊಬ್ಬು ಎಂದು ಇತ್ತು; ಗುರುತಿಲ್ಲದ ಮೇಲೆ ಅದು ನಿಯಮದಂತೆ ಕೊಯ್ದ ದನದ್ದಲ್ಲ. ಅದೇ ಕಂಪನಿ, ಅದೇ ಬಣ್ಣ, ಬೇರೆ ಪುಡಿ.

ಆ ಪೊಟ್ಟಣ ಹಿಡಿದು ನಾನು ಎಷ್ಟು ಹೊತ್ತು ನಿಂತಿದ್ದೆನೋ. ಅವರಿಗೆ ಕಾಣುವುದಿಲ್ಲ. ಪೆರ್ಲ್‌ಮುಟರ್ ಮೊದಲಿನ ಪೊಟ್ಟಣಕ್ಕೆ ಹೂಂ ಎಂದು ಹೋಗಿಯಾಗಿದೆ. ಇನ್ನೊಂದು ಬೇಯಿಸಲು ಹೊತ್ತಿಲ್ಲ. ಈ ನಿಯಮವನ್ನು ನಾನು ನಂಬುವುದೂ ಇಲ್ಲ. ನಂಬದ ನಿಯಮಕ್ಕಾಗಿ ಹಸಿದ ಮುದುಕನ ತಟ್ಟೆಯಿಂದ ಅನ್ನ ಕಿತ್ತುಕೊಳ್ಳುವುದು ಯಾವ ನ್ಯಾಯ? ನನ್ನ ಯಾವ ಕರಪತ್ರವನ್ನು ತೆರೆದರೂ ಸುಮ್ಮನಿರು ಎಂದೇ ಹೇಳುತ್ತಿತ್ತು. ಮಿನ್ನೆಲೆ ಎಂದು ಕರೆದ ಮೇಲಂತೂ ಸುಮ್ಮನಿರುವುದು ಬಹಳ ಸುಲಭವಾಗಿತ್ತು.

ಆದರೆ ನಿಯಮ ನನ್ನದಲ್ಲದಿದ್ದರೂ ಬಾಯಿ ಅವರದು. ಅದರೊಳಗೆ ಏನು ಹೋಗಬೇಕು ಎಂದು ಅವರಿಗೆ ತಿಳಿಯದಂತೆ ತೀರ್ಮಾನಿಸುವವರನ್ನೇ ಅಲ್ಲವೇ ನಾನು ಬುಧವಾರ ಬುಧವಾರ ಬೈಯುವುದು?

ಕೋಣೆಗೆ ಹೋದೆ.

"ಅಪ್ಪ, ಈ ಕುಗೆಲ್ ನಿಮಗೆ ಸಲ್ಲದು."

"ಯಾಕೆ? ಪೆರ್ಲ್‌ಮುಟರ್ ಓದಿದಾರಲ್ಲ?"

"ಅವರು ಓದಿದ ಪೊಟ್ಟಣ ಡ್ವೈಟ್ ತಿಂದ. ಇದು ನಾನು ಓಡಿ ಹೋಗಿ ತಂದಿದ್ದು. ಗುರುತಿಲ್ಲ. ದನದ ಕೊಬ್ಬಿದೆ. ಈಗ ನೋಡಿದೆ."

ಪಟ್ಟಿ ಕಟ್ಟಿದ ಮುಖದಲ್ಲಿ ಏನನ್ನು ಓದುವುದು? ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತೆ.

"ಗಂಟೆ ಎಷ್ಟು?" ಎಂದರು ಕೊನೆಗೆ.

"ನಾಲ್ಕೂಕಾಲು."

"ಹಾಗಾದ್ರೆ ಇನ್ನೊಂದು ಬೇಯಲ್ಲ."

"ಇಲ್ಲ."

"ಇದನ್ನ ಆ ಹುಡುಗನಿಗೆ ಕೊಡು. ತಪ್ಪು ಮಾಡಿದವನಿಗೆ ಇಷ್ಟು ರುಚಿಯಾದ ಶಿಕ್ಷೆ ಈ ದೇಶದಲ್ಲಿ ಮಾತ್ರ ಸಿಗೋದು." ಆಮೇಲೆ ಹಾಸಿಗೆಯಿಂದ ಕಾಲು ಇಳಿಸಿ ಕೂತರು. "ಸಾರ್ಡೀನ್ ಡಬ್ಬಿ ಏನಾದ್ರೂ ಇದ್ಯಾ?"

"ಇದೆ. ಆದ್ರೆ ಅದನ್ನ ಪೆರ್ಲ್‌ಮುಟರ್ ಓದಿಲ್ಲ ಅಪ್ಪ."

"ಪೆರ್ಲ್‌ಮುಟರ್ ಮನೇಲಿ ಸ್ನಾನ ಮಾಡ್ತಿದಾರೆ. ನೀನು ಓದು."

ಓದಿದೆ. ಮುಚ್ಚಳದ ಮೇಲಿನದು, ಪಕ್ಕದ್ದು, ಕೆಳಗಿನದು, ಎಲ್ಲ. ಯಾವ ದೇಶದ ಮೀನು, ಯಾವ ಎಣ್ಣೆ ಎಂಬುದನ್ನೂ. ನನ್ನ ಧ್ವನಿ ಯಾಕೋ ಶಾಲೆಯ ಹುಡುಗಿಯ ಧ್ವನಿಯಾಗಿತ್ತು.

"ಗುರುತಿದೆ" ಎಂದೆ.

"ಇದ್ರೆ ತೆಗಿ" ಎಂದರು. ಕೈ ಚಾಚಿದರು.

ದೀಪ ಹಚ್ಚಿದ ಮೇಲೆ ಅಪ್ಪ ಬ್ರೆಡ್ಡಿನ ಮೇಲೆ ಸಾರ್ಡೀನ್ ಇಟ್ಟುಕೊಂಡು ತಿಂದರು. ನಾನೂ ಅದನ್ನೇ ತಿಂದೆ. ಅಡುಗೆಮನೆಯಲ್ಲಿ ನಾಲ್ಕು ಜನ ಕುಗೆಲ್ ತಳ ಕೆರೆಯುವ ಸದ್ದು ಕೇಳುತ್ತಿತ್ತು. "ಚೆನ್ನಾಗಿದ್ದಿರಬೇಕು" ಎಂದರು ಅಪ್ಪ. "ಚೆನ್ನಾಗಿರತ್ತೆ" ಎಂದೆ. ಇಬ್ಬರೂ ನಕ್ಕೆವು.

ಶನಿವಾರ ನಾನು ಅಂಗಡಿಗೆ ಹೋದೆ, ಅಮ್ಮ. ಇದನ್ನೂ ಬರೆಯಬೇಕು, ಇಲ್ಲದಿದ್ದರೆ ನೀನು ಬೇರೆ ಏನೋ ಎಣಿಸಿಕೊಳ್ಳುತ್ತೀಯ. ಹೇಳಿಯೇ ಹೋದೆ. "ಗೊತ್ತು" ಎಂದರು ಅಪ್ಪ, ಗೋಡೆಯ ಕಡೆ ತಿರುಗಿ ಮಲಗಿದ್ದವರು. "ಬಾಗಿಲು ಮೆಲ್ಲಗೆ ಹಾಕ್ಕೊಂಡು ಹೋಗು."

ಇವತ್ತು ಮತ್ತೆ ಕುಗೆಲ್ ಮಾಡಿದೆ. ಪೆರ್ಲ್‌ಮುಟರ್ ಬಂದು, ಎಂದಿನಂತೆ ಕನ್ನಡಕ ಜಾರಿಸಿಕೊಂಡು ನಿಂತರು. ಅಪ್ಪನ ಮುಂದೆ ಆಗಲೇ ತಟ್ಟೆ ಇತ್ತು.

"ಯಾರು ಓದಿದ್ದು, ಆನ್ಶೆಲ್?"

"ಈ ಮನೇಲಿ ಕಣ್ಣಿರೋರು. ಕೂತ್ಕೊಳ್ಳಿ, ಒಂದು ತುಂಡು ತಗೊಳ್ಳಿ."

ಅವರು ಒಳ್ಳೆಯವರು, ಕೂತರು. ಕಾಗದದ ಲೋಟದಲ್ಲಿ ಚಹಾ ಮಾತ್ರ ಕುಡಿದರು. ಅಪ್ಪ ಬೇಕೆಂದೇ ಜೋರಾಗಿ ಅಗಿಯುತ್ತಿದ್ದರು.

ನಿನ್ನ
ಮಿನ್ನಾ


ಸ್ಕ್ರಾಂಟನ್
ಮಂಗಳವಾರ, ೯ ಡಿಸೆಂಬರ್

ಮಿನ್ನೆಲೆ,

ನಿಮ್ಮಪ್ಪ ಸುಖವಾಗಿ ಬಂದು ಸೇರಿದರು. ನನ್ನ ಪ್ಲಾಸ್ಟರ್ ಬಿಚ್ಚಿದ್ದಾರೆ, ಕಾಲು ಹಕ್ಕಿಯ ಕಾಲಿನಂತಾಗಿದೆ. ಈಗ ಒಬ್ಬರು ನೋಡುವುದಿಲ್ಲ, ಒಬ್ಬರು ನಡೆಯುವುದಿಲ್ಲ, ಇಬ್ಬರೂ ಸೇರಿ ಒಬ್ಬ ಮನುಷ್ಯ.

ನಿನ್ನ ಕಾಗದಗಳು ಬಂದಿವೆ ಎಂದು ಅವರಿಗೆ ಹೇಳಿದೆ. "ಏನು ಬರೆದಿದಾಳೆ?" ಎಂದು ಕೇಳಿದರು. ಇಷ್ಟು ದಿನಗಳಲ್ಲಿ ಮೊದಲ ಸಲ ಕೇಳಿದರು. ನಾನು ಓದಿ ಹೇಳಿದೆ, ಎಲ್ಲವನ್ನೂ ಅಲ್ಲ. ಚೀಲದ ಆಲೂಗಡ್ಡೆಯ ವಿಷಯ ಬಂದಾಗ ಕೆಮ್ಮಿದೆ. ಅಂಗಡಿಯ ವಿಷಯ ಓದಿದಾಗ ಅವರ ಮುಖ ಗಟ್ಟಿಯಾಯಿತು, ಅದನ್ನು ಮುಚ್ಚಿಡುವುದಿಲ್ಲ. ನೋವಿದೆ, ಮಗಳೇ. ಅದು ಹೋಗುವುದಿಲ್ಲ. ಆದರೆ "ಮುಂದೆ ಓದು" ಎಂದರು.

ಶುಕ್ರವಾರ ನನ್ನ ಕುಗೆಲ್ ತಿಂದು, "ಅವಳದರ ಅಂಚು ಇದಕ್ಕಿಂತ ಗರಿಗರಿ ಇತ್ತು" ಎಂದರು. ಎಣ್ಣೆ ಎಷ್ಟು ಹಾಕಿದೆ, ಬರೆ. ನನಗೇನೂ ಬೇಜಾರಿಲ್ಲ.

ಅಮ್ಮ


ಕ್ಲೀವ್‌ಲ್ಯಾಂಡ್
ಭಾನುವಾರ, ೧೧ ಜನವರಿ ೧೯೭೬

ಅಪ್ಪ,

ಇದನ್ನು ಅಮ್ಮ ಓದಿ ಹೇಳುತ್ತಾಳೆ. ಓದುವಾಗ ಏನನ್ನೂ ನುಂಗಬೇಡ, ಅಮ್ಮ.

ಹೊಸ ಕರಪತ್ರ ಬರೆದಿದ್ದೇನೆ, ಸೈಕ್ಲೋಸ್ಟೈಲ್ ಮಾಡಿಸಿದ ಒಂದು ಪ್ರತಿಯನ್ನು ಜೊತೆಯಲ್ಲಿ ಇಟ್ಟಿದ್ದೇನೆ. ಡಬ್ಬಿಯೊಳಗೆ ಏನಿದೆ ಎಂಬುದನ್ನು ಕಣ್ಣು ಮಂದವಾದವರೂ ಓದುವಷ್ಟು ದೊಡ್ಡ ಅಕ್ಷರದಲ್ಲಿ, ಮುಂಭಾಗದಲ್ಲೇ ಬರೆಯಬೇಕು ಎಂಬುದು ಅದರ ಬೇಡಿಕೆ. ಎರಡು ಬೇರೆ ಪದಾರ್ಥಗಳನ್ನು ಒಂದೇ ಬಣ್ಣದ ಪೊಟ್ಟಣದಲ್ಲಿ ಮಾರುವುದು ಮೋಸ ಎಂದು ಬರೆದಿದ್ದೇನೆ. ಇಲ್ಲಿ ಸಾವಿರ ಪ್ರತಿ ಹಂಚಿದೆವು. ಗಲ್ಲಾದ ಹೆಂಗಸು ಹತ್ತು ಕೇಳಿ ತೆಗೆದುಕೊಂಡಳು. ಡ್ವೈಟ್ ಚಿಪ್ಸ್ ತಿನ್ನುವುದನ್ನು ಈಗ ಹಜಾರದಲ್ಲೇ ಮಾಡುತ್ತಾನೆ. ಅದೂ ಒಂದು ಪ್ರಗತಿ.

ಎದುರಿಗೆ ಹೇಳಲಾಗದ ಮಾತು ಒಂದಿದೆ. ನಾನು ನೀವು ನಂಬುವುದನ್ನು ನಂಬುವುದಿಲ್ಲ, ಮುಂದೆ ನಂಬುತ್ತೇನೆ ಎಂದೂ ಹೇಳಲಾರೆ. ಶನಿವಾರದ ಕೆಲಸ ಬಿಡುವುದಿಲ್ಲ. ಆದರೆ ನಿಮ್ಮ ತಟ್ಟೆಯ ವಿಷಯದಲ್ಲಿ ನಾನು ಹೇಳಿದ್ದು ಯಾವಾಗಲೂ ಇದ್ದದ್ದೇ ಆಗಿರುತ್ತದೆ. ಇಷ್ಟು ಮಾತ್ರ ನನ್ನ ಕೈಯಲ್ಲಿ ಇದೆ. ಇದು ಸಾಕಾಗದಿದ್ದರೆ ನನಗೆ ಅರ್ಥವಾಗುತ್ತದೆ.

ಮಿನ್ನಾ


ಸ್ಕ್ರಾಂಟನ್
ಭಾನುವಾರ, ೧೫ ಫೆಬ್ರವರಿ ೧೯೭೬

ಮಗಳೇ,

ಹೊಸ ಕನ್ನಡಕ ಬಂದಿದೆ. ಗಾಜು ಸೀಸೆಯ ತಳದಷ್ಟು ದಪ್ಪ, ಮೂಗು ನೋಯುತ್ತದೆ. ಆದರೆ ನಿನ್ನ ಕಾಗದವನ್ನು ನಾನೇ ಓದಿದೆ. ನಿಮ್ಮಮ್ಮ ಓದಿದಾಗ ಇದ್ದದ್ದಕ್ಕಿಂತ ಸ್ವಲ್ಪ ಜಾಸ್ತಿ ಇತ್ತು. ಅವಳ ಕಪಾಟಿನಲ್ಲಿದ್ದ ಹಳೆಯ ಕರಪತ್ರವನ್ನೂ ಓದಿದೆ. ರೈತರ ಬಗ್ಗೆ ಬರೆದದ್ದು ನನಗೆ ಗೊತ್ತಿಲ್ಲ. ಯೂನಿಯನ್ನಿನ ಬಗ್ಗೆ ಬರೆದದ್ದರಲ್ಲಿ ಎರಡು ತಪ್ಪಿವೆ. ಬಂದಾಗ ಹೇಳುತ್ತೇನೆ.

ನಾನು ಕಾಗದ ಬರೆಯುವವನಲ್ಲ, ಬಟ್ಟೆ ಕತ್ತರಿಸುವವನು. ನನಗೆ ನಿನ್ನ ಶನಿವಾರ ಇಷ್ಟವಿಲ್ಲ. ಅದನ್ನು ನೀನು ಕೇಳಲಿಲ್ಲ, ಆದರೂ ಬರೆದೆ, ನೀನೂ ಬರೆದೆಯಲ್ಲ ಹಾಗೆ. ಆ ಶುಕ್ರವಾರ ನೀನು ಬಾಗಿಲಲ್ಲಿ ನಿಂತು ಹೇಳಿದಾಗ ನಾನು ಗಂಟೆ ಕೇಳಿದೆ. ಬೇರೆ ಏನು ಕೇಳಬೇಕೋ ತಿಳಿಯಲಿಲ್ಲ.

ಮುಂದಿನ ತಿಂಗಳು ಒಂದು ಸಬ್ಬತ್ತಿಗೆ ಬಾ. ಗುರುವಾರದ ಬಸ್ಸು ಹಿಡಿ, ಶುಕ್ರವಾರ ದಾರಿಯಲ್ಲಿ ಕತ್ತಲಾಗುವುದು ಬೇಡ. ನಮ್ಮ ಮೇಜಿಗೆ ಸಿನಗಾಗಿನಿಂದ ಆರೇಳು ಜನ ಬರುತ್ತಾರೆ. ನಿಮ್ಮಮ್ಮನಿಗೆ ಇನ್ನೂ ಹೆಚ್ಚು ಹೊತ್ತು ನಿಲ್ಲಲು ಆಗುವುದಿಲ್ಲ. ಆದ್ದರಿಂದ ಕುಗೆಲ್ ನೀನೇ ಅಲ್ಲಿಂದ ಮಾಡಿಕೊಂಡು ಬಾ, ಎರಡು ತಟ್ಟೆ. ಇದು ಯಾರ ಅಡುಗೆಮನೆಯದು, ಯಾರು ನೋಡಿದ್ದು ಎಂದು ಮೇಜಿನಲ್ಲಿ ಕೇಳುವವರು ಇರುತ್ತಾರೆ. ಕೇಳಲಿ. ಉತ್ತರ ನಾನು ಹೇಳುತ್ತೇನೆ, ನೀನು ಬಡಿಸು.

ನಿನ್ನ ಅಪ್ಪ
ಆನ್ಶೆಲ್